ಪದಚರ್ಚೆ: ದಿವಾಳಿ ಅರ್ಜಿಯ ಕೊನೆಗೆ ಸಿಗುವ 'ಡಿಸ್ಚಾರ್ಜ್'ಗೆ ಕನ್ನಡದಲ್ಲಿ ಏನನ್ನಲಿ? ತುರ್ತು

ಶಿರಸಿಯ ಅನುವಾದಕಿ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಕೊಡಬೇಕಾದ ಕೆಲಸ, ಬೇಗ ಹೇಳಿ.

ಅಮೆರಿಕದ ವಕೀಲರ ಕಚೇರಿಯೊಂದು ತನ್ನ ಕಕ್ಷಿದಾರರಿಗೆ ಕೊಡುವ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಾಲದಲ್ಲಿ ಮುಳುಗಿದ ಸಾಮಾನ್ಯ ಜನ ಅಲ್ಲಿನ ದಿವಾಳಿ ಕೋರ್ಟಿಗೆ ಅರ್ಜಿ ಹಾಕುವುದು ಹೇಗೆ ಅಂತ ಹೇಳುವ ಪುಸ್ತಿಕೆ. ಮಗ ಸೊಸೆಯ ಜೊತೆ ಅಲ್ಲೇ ನೆಲೆಸಿ, ಕಾರ್ಡ್ ಸಾಲಕ್ಕೋ ಅಂಗಡಿ ಸಾಲಕ್ಕೋ ಸಹಿ ಹಾಕಿ ಸಿಕ್ಕಿಬಿದ್ದ ಹಿರಿಯರು ಓದುವಂಥದ್ದು. ಹಾಗಾಗಿ ಭಾರೀ ಪದ ಬೇಡ.

ಬಹುಪಾಲು ದಾಟಿದ್ದೇನೆ. ಅರ್ಜಿ ಹಾಕುವ ಮುಂಚಿನ 180 ದಿನಗಳೊಳಗೆ ಸಾಲದ ಬಗ್ಗೆ ಸಲಹೆ ಪಡೆದಿರಬೇಕು. ಅರ್ಜಿ ದಾಖಲಾದ ಕೂಡಲೇ ವಸೂಲಿಗೆ ತಾನಾಗಿಯೇ ತಡೆ ಬೀಳುತ್ತದೆ. ಫೋನು, ದಾವೆ, ಸಂಬಳ ಹಿಡಿಯುವುದು ಎಲ್ಲ ನಿಲ್ಲಬೇಕು. ಆಮೇಲೆ ಸಾಲ ಕೊಟ್ಟವರ ಸಭೆ. ಅಲ್ಲಿ ಪ್ರಮಾಣ ಮಾಡಿ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇಲ್ಲಿಯವರೆಗೆ ತೊಂದರೆ ಇಲ್ಲ.

ಸಿಕ್ಕಿಕೊಂಡಿದ್ದು ಕೊನೆಯ ಮೆಟ್ಟಿಲಲ್ಲಿ. ಎಲ್ಲ ಸರಿ ಇದ್ದರೆ ಕೋರ್ಟು 'ಡಿಸ್ಚಾರ್ಜ್' ಆದೇಶ ಕೊಡುತ್ತದೆ. ಅದರ ಮೇಲೆ ಆ ಸಾಲವನ್ನು ಆ ವ್ಯಕ್ತಿಯಿಂದ ಯಾರೂ ಕೇಳುವಂತಿಲ್ಲ. ಎಲ್ಲ ಸಾಲವೂ ಅಲ್ಲ ಮತ್ತೆ. ಮಕ್ಕಳ ಜೀವನಾಂಶ, ಹೆಚ್ಚಿನ ವಿದ್ಯಾರ್ಥಿ ಸಾಲ, ಇತ್ತೀಚಿನ ತೆರಿಗೆ ಹಾಗೇ ಉಳಿಯುತ್ತವೆ.

ಕರಡಿನಲ್ಲಿ 'ಸಾಲಮನ್ನಾ' ಅಂತ ಹಾಕಿಟ್ಟಿದ್ದೇನೆ. ಮನಸ್ಸು ಒಪ್ಪುತ್ತಿಲ್ಲ. ಬೇರೆ ಏನಿದೆ?

ಅಂಕೋಲೆಯಿಂದ

ಡಿಸ್ಚಾರ್ಜ್ ಅಂತಲೇ ಬಿಡಿ. ಎಲ್ಲರಿಗೂ ಗೊತ್ತು.

ಕುಮಟೆಯ ಮಾಸ್ತರು

'ಎಲ್ಲರಿಗೂ ಗೊತ್ತು' ಅನ್ನುವುದು ವಾದವಲ್ಲ, ಸೋಮಾರಿತನ.

ತಂಗಿ, ನಿನ್ನ ತೊಂದರೆ ಶುರುವಾಗುವುದು ಕೊನೆಯ ಪದದಲ್ಲಲ್ಲ, ಮೊದಲನೆಯದರಲ್ಲಿ. 'ದಿವಾಳಿ' ನಮ್ಮದಲ್ಲ. ಮರಾಠಿಯ 'ದಿವಾಳೆ' ಇಲ್ಲಿ ಬಂದು ಕೂತಿದೆ. ಮುಳುಗಿದ ವ್ಯಾಪಾರಿ ಹಾಡಹಗಲಲ್ಲಿ ಅಂಗಡಿ ಮುಂದೆ ದೀಪ ಹಚ್ಚಿಟ್ಟು ಕೂರುತ್ತಿದ್ದ, ಅದರಿಂದ ಈ ಮಾತು ಹುಟ್ಟಿತು ಅಂತ ಹಳಬರು ಕತೆ ಹೇಳುತ್ತಾರೆ. ಕಾರವಾರದ ಕೊಂಕಣಿಯವರಿಗೆ ಹಬ್ಬವೂ ದಿವಾಳಿಯೇ. ನಿಮ್ಮ ಶಿರಸಿ ಕಡೆ ದೊಡ್ಡಬ್ಬ ಅನ್ನುವುದರಿಂದ ಬಚಾವು.

ಕನ್ನಡದಲ್ಲಿ 'ಕಡ' ಅಂತ ಒಳ್ಳೆಯ ಮಾತಿದೆ. ತಮಿಳಿನ 'ಕಡನ್' ಅದರ ನೆಂಟ. ಕೈಗಡ ಅನ್ನುತ್ತೇವಲ್ಲ, ಅದೇ. ಹಾಗಾಗಿ 'ಕಡತೀರಿಕೆ' ಅಂತ ಹಾಕು. ಮುಗಿಯಿತು.

ಶಿರಸಿಯ ಅನುವಾದಕಿ

ಮಾಸ್ತರೇ, ದಿವಾಳಿಯ ಹುಟ್ಟು ನಾನು ಕೇಳಲಿಲ್ಲ. ಆಮೇಲೆ ಕಡ ಅಂದರೆ ನಮ್ಮಲ್ಲಿ ಪಕ್ಕದ ಮನೆಯಿಂದ ತಂದ ಎರಡು ಸಿದ್ದೆ ಅಕ್ಕಿ. ಅದಕ್ಕೆ ಬಡ್ಡಿ ಇಲ್ಲ, ಕಾಗದ ಇಲ್ಲ. ಕ್ರೆಡಿಟ್ ಕಾರ್ಡಿನ ಸಾಲವನ್ನು ಕಡ ಅಂದರೆ ಓದುವವರು ನಗುತ್ತಾರೆ.

ಯಲ್ಲಾಪುರದಿಂದ, ಸೊಸೈಟಿಯಲ್ಲಿ ಕೆಲಸ ಮಾಡಿದವರು

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಎಂತಕ್ಕೆ? 'ಬೇಬಾಕಿ' ಅಂತ ಇದೆ. ಸೊಸೈಟಿಯಲ್ಲಿ ಸಾಲ ಮುಗಿದರೆ ಬೇಬಾಕಿ ಪತ್ರ ಕೊಡುತ್ತೇವೆ. ಅದನ್ನು ತೋರಿಸಿದರೆ ಉತಾರದ (ಪಹಣಿಯ) ಮೇಲಿನ ಬೋಜಾ, ಅಂದರೆ ಜಮೀನಿನ ಮೇಲೆ ದಾಖಲಾದ ಸಾಲದ ಹೊರೆ, ಇಳಿಸುತ್ತಾರೆ. ಅಡಿಕೆ ಬೆಳೆಗಾರರಲ್ಲಿ ಈ ಪದ ಗೊತ್ತಿಲ್ಲದವರು ಯಾರೂ ಇಲ್ಲ.

ಕಾರವಾರದ ವಕೀಲರು

ಬೇಬಾಕಿ ತಪ್ಪು. ಅದು ಪೈಸೆಗೆ ಪೈಸೆ ಚುಕ್ತಾ ಆದ ಮೇಲೆ ಕೊಡುವ ಕಾಗದ. ಇಲ್ಲಿ ಚುಕ್ತಾ ಆಗಿಲ್ಲ, ಅದೇ ವಿಷಯ. ಕಡತೀರಿಕೆಯೂ ಅದೇ ಕಾರಣಕ್ಕೆ ತಪ್ಪು. ತೀರುವುದು ಅಂದರೆ ಕೊಟ್ಟು ತೀರುವುದು.

ಮನ್ನಾ ಇನ್ನೂ ತಪ್ಪು. ಮನ್ನಾ ಮಾಡುವವನು ಸಾಲ ಕೊಟ್ಟವನು, ಇಲ್ಲವೇ ಅವನ ಪರವಾಗಿ ದುಡ್ಡು ತುಂಬಿಕೊಡುವ ಸರ್ಕಾರ. 2018ರಲ್ಲಿ ನಮ್ಮ ರಾಜ್ಯದ ಬೆಳೆಸಾಲ ಮನ್ನಾ ಆದದ್ದು ಹಾಗೆ. ಅಮೆರಿಕದ ಕೋರ್ಟು ಯಾರಿಗೂ ದುಡ್ಡು ತುಂಬಿಕೊಡುವುದಿಲ್ಲ. ಸಾಲ ಕೊಟ್ಟವನು ಮನಸ್ಸು ಕರಗಿ ಬಿಟ್ಟದ್ದೂ ಅಲ್ಲ. ಅವನ ಇಷ್ಟಕ್ಕೆ ವಿರುದ್ಧವಾಗಿಯೇ ಆಗುವುದು.

ಹೊನ್ನಾವರದಿಂದ

'ಋಣಮುಕ್ತಿ' ಆಗದೇ? ಕೇಳಲು ಚೆನ್ನಾಗಿದೆ, ಗೌರವವೂ ಇದೆ.

ಶಿರಸಿಯ ಅನುವಾದಕಿ

ಅಕ್ಕೋರೇ, ಅದು ನನಗೂ ಹೊಳೆದಿತ್ತು. ಎರಡು ಅಡ್ಡಿ. 2019ರಲ್ಲಿ ಋಣ ಪರಿಹಾರ ಕಾಯ್ದೆ ಜಾರಿಗೆ ಬಂದಾಗ ಜನ ಅದನ್ನು ಋಣಮುಕ್ತ ಕಾಯ್ದೆ ಅಂತಲೇ ಕರೆದರು. ಕೈಸಾಲ, ಗಿರವಿ ಸಾಲ ಮಾಡಿದ ಬಡವರು ಅರ್ಜಿ ಹಿಡಿದು ಉಪವಿಭಾಗಾಧಿಕಾರಿಗಳ (ಎಸಿ) ಕಚೇರಿಗಳ ಮುಂದೆ ಸಾಲು ನಿಂತಿದ್ದರು. ಆ ಪದ ನೋಡಿದ ಕೂಡಲೇ ಅದೇ ಯೋಜನೆ ಅನ್ನಿಸುತ್ತದೆ.

ಇನ್ನೊಂದು, ಓದುವವರು ವಯಸ್ಸಾದವರು. ನಮ್ಮ ಕಡೆ 'ಋಣ ಮುಗೀತು' ಅಂದರೆ ಆಸಾಮಿ ಹೋದ ಅಂತ ಅರ್ಥ ಅಲ್ವಾ?

ಅಂಕೋಲೆಯಿಂದ

ಅದಕ್ಕೇ ಹೇಳಿದ್ದು, ಡಿಸ್ಚಾರ್ಜ್. ಇಲ್ಲ ಅಂದರೆ 'ಪಾಪರ್ ಆದ' ಅಂತ ಬರೆಯಿರಿ. ಊರಲ್ಲಿ ಅದನ್ನೇ ಅಲ್ವಾ ಹೇಳುವುದು.

ಕಾರವಾರದ ವಕೀಲರು

ಪಾಪರ್ ಬೇರೆ. ಕೋರ್ಟ್ ಫೀ ಕಟ್ಟಲು ಗತಿಯಿಲ್ಲದವನು ದಾವೆ ಹೂಡುವ ದಾರಿ ಅದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ. 1976ರ ತಿದ್ದುಪಡಿಯಲ್ಲಿ ಆ ಪದವನ್ನೇ ಕಿತ್ತು 'ನಿರ್ಗತಿಕ' ಅಂತ ಮಾಡಿದರು. ಊರಲ್ಲಿ ಹೇಳುವುದು ಬೇರೆ, ಕಕ್ಷಿದಾರನ ಕೈಗೆ ಕೊಡುವ ಕಾಗದ ಬೇರೆ.

ಟೆಕ್ಸಾಸಿನಿಂದ, ಊರು ಸಿದ್ದಾಪುರ

ಇಲ್ಲಿ ನಮ್ಮವರು ಹೇಳುವುದು 'ಅವ ಫೈಲ್ ಮಾಡಿದ್ನಡ' ಅಂತ. ಅಷ್ಟೇ. ಏನು ಫೈಲ್ ಮಾಡಿದ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ನಾಚಿಕೆ. ಆದರೆ ಇಲ್ಲಿನ ದಿವಾಳಿ ಕಾಯ್ದೆಯ ಚಾಪ್ಟರ್ 7 ಯಾವುದು, ಚಾಪ್ಟರ್ 13 ಯಾವುದು ಅಂತ ಎಲ್ಲರಿಗೂ ಗೊತ್ತು. ಏಳರಲ್ಲಿ ವಿನಾಯಿತಿ ಇಲ್ಲದ ಸ್ವತ್ತು ಏನಾದರೂ ಇದ್ದರೆ, ಸ್ವತ್ತು ನೋಡಿಕೊಳ್ಳಲು ನೇಮಿಸಿದ ಟ್ರಸ್ಟಿ ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾನೆ. ಕೆಲವು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಹದಿಮೂರರಲ್ಲಿ ಮನೆ ಕಾರು ಉಳಿಸಿಕೊಂಡು ಮೂರರಿಂದ ಐದು ವರ್ಷ ಕಂತು ಕಟ್ಟಬೇಕು. ದಯವಿಟ್ಟು ಅದನ್ನು 'ಅಧ್ಯಾಯ' ಮಾಡಬೇಡಿ. ಅಪ್ಪ ಅಮ್ಮ ಭಗವದ್ಗೀತೆ ತೆಗೆದಾರು.

ಕುಮಟೆಯ ಮಾಸ್ತರು

ಹೊರಗೆ ಹೋದವರು ಕನ್ನಡ ಬಿಡಲು ಕಾರಣ ಹುಡುಕುತ್ತಲೇ ಇರುತ್ತಾರೆ.

ಹೊನ್ನಾವರದಿಂದ

ಋಣ ಬೇಡವಾದರೆ 'ಸಾಲವಿಮುಕ್ತಿ' ಮಾಡಿ. 1976ರ ಜೀತ ರದ್ದತಿ ಕಾಯ್ದೆಯಿಂದ ಬಿಡುಗಡೆಯಾದವರನ್ನು 'ಜೀತವಿಮುಕ್ತ' ಅನ್ನುತ್ತೇವೆ. ಅಲ್ಲೂ ಸಾಲವೇ ಮೂಲ. ಮಾದರಿ ಕಣ್ಣೆದುರೇ ಇದೆ.

ಕುಮಟೆಯ ಮಾಸ್ತರು

ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ. ಮುಂದಿನ ಮಾತಿಲ್ಲ.

ಹೊನ್ನಾವರದಿಂದ

ಜೀತವಿಮುಕ್ತವೂ ಅರಿಸಮಾಸವೇ. ಸರ್ಕಾರ, ಪತ್ರಿಕೆ, ಹೋರಾಟ ಮಾಡಿದವರು ಎಲ್ಲರೂ ಬಳಸಿದರು. ಬಿಡುಗಡೆಯಾದವರು ತಮ್ಮನ್ನು ತಾವೇ ಹಾಗೆ ಕರೆದುಕೊಂಡರು. ಅವರ ಮುಂದೆ ನಿಂತು ಸಮಾಸ ಸರಿಯಿಲ್ಲ ಅಂತ ಹೇಳುತ್ತೀರಾ? ಹಳೆಯ ವ್ಯಾಕರಣಕಾರರೇ ಬಿರುದುಗಳಲ್ಲಿ ರಿಯಾಯಿತಿ ಕೊಟ್ಟಿದ್ದಾರೆ.

ಕುಮಟೆಯ ಮಾಸ್ತರು

ಸಾಲಗಾರನಾಗುವುದು ಬಿರುದಲ್ಲ.

ಯಲ್ಲಾಪುರದಿಂದ

ಮಾಸ್ತರೇ, ಹೀಗೆ ಸೋಸುತ್ತಾ ಹೋದರೆ ಸಾಲದ ಲೆಕ್ಕದಲ್ಲಿ ಏನು ಉಳಿಯುತ್ತದೆ ನೋಡಿ. ಅಸಲು, ಬಾಕಿ, ವಸೂಲಿ, ಜಾಮೀನು, ಜಪ್ತಿ, ಅರ್ಜಿ ಎಲ್ಲ ಅರಬ್ಬಿಯಿಂದ ಬಂದದ್ದು. ಬಡ್ಡಿ ಆದರೂ ನಮ್ಮದು ಅಂದುಕೊಂಡಿದ್ದೀರೇನೋ, ಅದು ಸಂಸ್ಕೃತದ ವೃದ್ಧಿ ಸವೆದದ್ದು. ನಾವು 1956ರವರೆಗೆ ಮುಂಬಯಿ ಕಡೆ ಇದ್ದವರು. ನಮ್ಮ ಅಜ್ಜಂದಿರು ಉತಾರ, ಬೋಜಾ, ಚುಕ್ತಾ ಅಂತಲೇ ಗದ್ದೆ ಕಳಕೊಂಡರು, ಗದ್ದೆ ಉಳಿಸಿಕೊಂಡರು. ಆ ಮಾತುಗಳು ಪರಕೀಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನಿಮ್ಮನ್ನು ಕರೆಯುವ 'ಮಾಸ್ತರು' ಯಾವ ಹಳಗನ್ನಡ?

ಕುಮಟೆಯ ಮಾಸ್ತರು

ಹಳೆಯ ಎರವಲನ್ನು ಯಾರು ಬೇಡ ಅಂದರು? ಬಂದು ಹೊಂದಿಕೊಂಡದ್ದು ಇರಲಿ. ಹೊಸ ಪದ ಬೇಕಾದಾಗ ಮೊದಲು ನಮ್ಮ ಮನೆ ಹುಡುಕಬೇಕು, ಆಮೇಲೆ ನೆರೆಮನೆ. ನೀವು ನೇರ ನೆರೆಮನೆಗೇ ಹೋಗುತ್ತೀರಿ. ಹಿಂದಿಯವರನ್ನು ನೋಡಿ. 2016ರ ಕೇಂದ್ರದ ದಿವಾಳಿ ಕಾಯ್ದೆಯ ಹೆಸರಿನಲ್ಲಿ, ಸಾಲ ತೀರಿಸಲಾಗದ ಸ್ಥಿತಿಗೆ 'ಶೋಧನ ಅಕ್ಷಮತಾ' ಅಂತ ಕಟ್ಟಿದ್ದಾರೆ. ಅದನ್ನು ಹಾಗೇ ತಂದರೆ ಕನ್ನಡದವನಿಗೆ ಏನೋ ಹುಡುಕಲು ಬಾರದವನು ಅಂತ ಕೇಳಿಸುತ್ತದೆ. ಎರವಲು ತಂದರೆ ಆಗುವ ಗತಿ ಅದು.

ಕಾರವಾರದ ವಕೀಲರು

ಶೋಧನ ಅಕ್ಷಮತಾ ಬಗ್ಗೆ ನೀವು ಹೇಳಿದ್ದು ಸರಿ. ಉಳಿದದ್ದರಲ್ಲಿ ತಲೆ ಹಾಕುವುದಿಲ್ಲ. ಆ ಹುಡುಗಿಗೆ ನಾಳೆ ಸಂಜೆಗೆ ಬೇಕು, ಮರೆಯಬೇಡಿ.

ನನ್ನ ಸಲಹೆ 'ಬಿಡುಗಡೆ'. ಬರೀ ಬಿಡುಗಡೆ ಅಲ್ಲ, 'ಸಾಲದ ಹೊಣೆಯಿಂದ ಬಿಡುಗಡೆ'. ಯಾಕೆ ಅಂದರೆ ಈ ಆದೇಶ ಸಾಲವನ್ನು ಅಳಿಸುವುದಿಲ್ಲ. ಸಾಲಗಾರನನ್ನು ಬಿಡಿಸುತ್ತದೆ. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ಮಗ ಚಾಪ್ಟರ್ 7 ಅರ್ಜಿ ಹಾಕಿ ಬಿಡುಗಡೆ ಪಡೆದ ಅನ್ನಿ. ಅದೇ ಸಾಲಕ್ಕೆ ಅಪ್ಪ ಜೊತೆಗೆ ಸಹಿ ಹಾಕಿದ್ದರೆ ಅಪ್ಪನಿಗೆ ಬಿಡುಗಡೆ ಇಲ್ಲ, ಬ್ಯಾಂಕು ಸೀದಾ ಅವರ ಹತ್ತಿರ ಬರಬಹುದು. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿಗೆ ಕಾರಿನ ಮೇಲಿರುವ ಹಕ್ಕು ಸಾಮಾನ್ಯವಾಗಿ ಉಳಿಯುತ್ತದೆ. ಕಂತು ನಿಲ್ಲಿಸಿದರೆ ಕಾರು ಹೋಗುತ್ತದೆ. ಯಲ್ಲಾಪುರದವರ ಭಾಷೆಯಲ್ಲಿ, ಆಳು ಬಿಡುಗಡೆ, ಬೋಜಾ ಇಳಿದಿಲ್ಲ.

ಮನ್ನಾ, ಮುಕ್ತಿ, ಬೇಬಾಕಿ ಯಾವುದನ್ನು ಹಾಕಿದರೂ ಓದಿದವರು ಸಾಲವೇ ಸತ್ತುಹೋಯಿತು ಅಂದುಕೊಳ್ಳುತ್ತಾರೆ. ಜೊತೆಗೆ ಸಹಿ ಹಾಕಿದ ಅಪ್ಪ ನಿಶ್ಚಿಂತೆಯಿಂದ ಕೂತುಬಿಟ್ಟರೆ ಕಷ್ಟ. ಆ ಪುಸ್ತಿಕೆ ಓದುವವರು ಅಂಥ ಅಪ್ಪಂದಿರೇ ಅಂತ ಹೇಳಿದಿರಲ್ಲ.

ಜೈಲಿನ ನೆನಪು ಬರುತ್ತದೆ ಅಂತ ಯಾರಾದರೂ ತಕರಾರು ತೆಗೆದರೆ, ಬರಲಿ. ಸಾಲ ಕಟ್ಟದವನನ್ನು ಒಳಗೆ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ 1869ರ ಕಾಯ್ದೆ ಬಂದ ಮೇಲೆ ಅದು ಬಹುಮಟ್ಟಿಗೆ ನಿಂತಿತು. ನಮ್ಮ ಸಿವಿಲ್ ಸಂಹಿತೆಯಲ್ಲಿ ಡಿಕ್ರಿ ಹಣ ಕಟ್ಟದವನನ್ನು ಸಿವಿಲ್ ಜೈಲಿಗೆ ಕಳಿಸುವ ಕಲಮು ಈಗಲೂ ಇದೆ.

ಕುಮಟೆಯ ಮಾಸ್ತರು

ಹೊಣೆ, ಬಿಡುಗಡೆ ಎರಡೂ ಅಚ್ಚ ಕನ್ನಡ. ಒಪ್ಪಿದೆ. 'ಸಾಲಹೊಣೆ ಬಿಡುಗಡೆ' ಅಂತ ಅಡಕ ಮಾಡಬಹುದು.

ಶಿರಸಿಯ ಅನುವಾದಕಿ

ಅಡಕ ಬೇಡ ಮಾಸ್ತರೇ, ಬಿಡಿಸಿಯೇ ಬರೆಯುತ್ತೇನೆ. ವಕೀಲರೇ, ತುಂಬ ಉಪಕಾರವಾಯಿತು. ಈಗ ಹೀಗಿದೆ:

"ಎಲ್ಲ ಹಂತಗಳು ಮುಗಿದ ಮೇಲೆ ಕೋರ್ಟು ನಿಮ್ಮನ್ನು ಸಾಲದ ಹೊಣೆಯಿಂದ ಬಿಡುಗಡೆ ಮಾಡಿ ಆದೇಶ ಕೊಡುತ್ತದೆ. ಇದಕ್ಕೆ ಇಲ್ಲಿ ಡಿಸ್ಚಾರ್ಜ್ ಅನ್ನುತ್ತಾರೆ. ಈ ಬಿಡುಗಡೆ ನಿಮಗೆ ಮಾತ್ರ. ನಿಮ್ಮ ಜೊತೆ ಸಹಿ ಹಾಕಿದವರ ಹೊಣೆ ಹಾಗೇ ಇರುತ್ತದೆ."

ಡಿಸ್ಚಾರ್ಜ್ ಅನ್ನುವುದನ್ನೂ ಒಮ್ಮೆ ಹೇಳಿಬಿಟ್ಟಿದ್ದೇನೆ. ಕೋರ್ಟಿನಿಂದ ಬರುವ ಕಾಗದದ ಮೇಲೆ ಅದೇ ಇರುತ್ತದಲ್ಲ, ಗುರುತು ಸಿಗಬೇಕು. ಅಂಕೋಲೆಯವರಿಗೂ ಸಮಾಧಾನ ಆಗಲಿ. ಚಾಪ್ಟರ್ 7 ಹಾಗೇ ಇಟ್ಟಿದ್ದೇನೆ.

ಕೊನೆಯದಾಗಿ ಒಂದೇ ಒಂದು. ಟ್ರಸ್ಟಿ ಮಾರುವಂತಿಲ್ಲದ, ಸಾಲಗಾರನ ಹತ್ತಿರವೇ ಉಳಿಯುವ ಸಾಮಾನು ಸ್ವತ್ತಿಗೆ 'ವಿನಾಯಿತಿ ಸ್ವತ್ತು' ಅಂತ ಹಾಕಿದ್ದೇನೆ. ತೆರಿಗೆ ವಿನಾಯಿತಿಯ ಹಾಗೆ ಕೇಳಿಸುತ್ತದಾ?

ಕಾರವಾರದ ವಕೀಲರು

ಸ್ವಲ್ಪ ಕೇಳಿಸುತ್ತದೆ. 'ಮುಟ್ಟುವಂತಿಲ್ಲದ ಸ್ವತ್ತು' ಅಂತ ಬರೆಯಿರಿ. ನಮ್ಮ ಸಿವಿಲ್ ಸಂಹಿತೆಯ 60ನೇ ಕಲಮಿನಲ್ಲೂ ಇಂಥದೇ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತಾರ, ರೈತನ ಬೇಸಾಯದ ಸಲಕರಣೆ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ಒಡವೆ. ಇವನ್ನು ಜಪ್ತಿ ಮಾಡುವಂತಿಲ್ಲ. ಅಮೆರಿಕದಲ್ಲಿ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ಆ ಕಚೇರಿಯವರನ್ನೇ ಕೇಳಿಕೊಳ್ಳಿ. 'ಜಪ್ತಿ' ಬೇಕಾ ಬೇಡವಾ ಅಂತ ಕುಮಟೆಯಿಂದ ಪತ್ರ ಬರುವ ಮುಂಚೆ ಕಳಿಸಿಬಿಡಿ.