ಕೋಲ್ಬೆಯ ಎಲೆಗಳು ಬಿಡಿಬಿಡಿಯಾಗಿ ಕಾಣೋದು ಹೇಗೆ?

ಕೆರೆಏರಿ:
ಎರಡು ವಾರ ಕೂತು, ಮೇಣ ಬಳಿದ ತಾಮ್ರದ ತಗಡಿನ ಮೇಲೆ ನಮ್ಮೂರ ಕೆರೆ ಏರಿಯ ಆಲದಮರ ಗೀಚಿದೆ. ಆಸಿಡ್‌ನಿಂದ ತೆಗೆದು ಅಚ್ಚು ಹಾಕಿದರೆ ಕೊಂಬೆ ಕೆಳಗಿನ ನೆರಳೆಲ್ಲ ಬೂದು ಕಲೆ. ಕಪ್ಪೂ ಇಲ್ಲ, ಎಲೆಯೂ ಇಲ್ಲ. ಆ ಬೇಜಾರಲ್ಲೇ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಕೋಲ್ಬೆಯ (1759–1835) ‘ನಾನೂ ಆರ್ಕೇಡಿಯಾದಲ್ಲಿದ್ದೆ’ ಅನ್ನೋ ಅಚ್ಚುಚಿತ್ರ ನೋಡಿದೆ, ಸುಮಾರು 1801ರದ್ದು. ಆರ್ಕೇಡಿಯಾ ಅಂದರೆ ಕವಿಗಳು ಕಲ್ಪಿಸಿದ ಸುಖದ ಹಳ್ಳಿನಾಡು. ಸಮಾಧಿ ಮುಂದೆ ಗಂಡುಹೆಣ್ಣು ನಿಂತಿದ್ದಾರೆ, ಸುತ್ತಲಿನ ಗಿಡಗಳು ಅವರನ್ನು ನುಂಗುವಷ್ಟು ದೊಡ್ಡವು. ಅಷ್ಟು ಸೊಪ್ಪಿದ್ದರೂ ಎಲೆಯ ನರ ಎಣಿಸಬಹುದು. ಹೇಗೆ ಮಾಡಿದ ಈ ಪುಣ್ಯಾತ್ಮ?

ಮಸಿಕೈ:
ನೆರಳು ಬೇಕಂತ ಗೆರೆ ಮೇಲೆ ಗೆರೆ ಎಳೆದಿರುತ್ತೀರಿ. ತೀರಾ ಒತ್ತೊತ್ತಾದರೆ ನಡುವಿನ ಮೇಣ ಕಿತ್ತುಬರುತ್ತೆ, ಆಸಿಡ್ ಅಷ್ಟಗಲವನ್ನೂ ತಿನ್ನುತ್ತೆ. ಮಸಿ ನಿಲ್ಲೋದು ಕಿರಿದಾದ ಗೆರೆಯಲ್ಲಿ. ಅಗಲ ಹಳ್ಳದಲ್ಲಿ ನಿಲ್ಲಲ್ಲ, ಒರೆಸುವಾಗ ಬಟ್ಟೆಗೆ ಬಂದುಬಿಡುತ್ತೆ. ನಿಮ್ಮ ಬೂದು ಕಲೆ ಅದೇ.

ಕಪ್ಪು ಬೇಕಾದಲ್ಲಿ ಗೆರೆ ಹೆಚ್ಚಿಸಬೇಡಿ, ಹೊತ್ತು ಹೆಚ್ಚಿಸಿ. ಮೊದಲು ಸ್ವಲ್ಪ ಹೊತ್ತು ಅದ್ದಿ ತೆಗೆದು, ದೂರದ ಎಲೆಗಳಿಗೆ ವಾರ್ನಿಷ್ ಬಳಿದು ಮುಚ್ಚಿ. ಮತ್ತೆ ಅದ್ದಿ. ಹತ್ತಿರದ ಬುಡ, ಪೊಟರೆ ಕೊನೇತನಕ ಆಸಿಡ್‌ನಲ್ಲಿರಲಿ. ಇನ್ನೊಂದು ಮಾತು: ಕೋಲ್ಬೆಯ ಎಲೆಯ ಅಂಚನ್ನು ಲೆನ್ಸ್ ಇಟ್ಟು ನೋಡಿ. ಎಷ್ಟೋ ಕಡೆ ಅಲ್ಲಿ ಗೆರೆಯೇ ಇಲ್ಲ. ಹಿಂದಿನ ಕತ್ತಲು ಎಲೆಯವರೆಗೆ ಬಂದು ನಿಲ್ಲುತ್ತೆ, ಎಲೆ ಬರೀ ಕಾಗದದ ಬಿಳಿ. ನನಗೆ ಇದು ಅರ್ಥವಾಗೋಕೆ ಐದಾರು ತಗಡು ಹಾಳಾದವು.

ಒಣಕೊಂಬೆ:
ಅವನ ಓಕ್ ಮರಗಳನ್ನೂ ನೋಡಿ. ಬರ್ಲಿನ್‌ನಲ್ಲಿ ಹುಟ್ಟಿ, ಡೆಸ್ಸೌನಲ್ಲಿ ಫ್ರೆಂಚ್ ಮೇಷ್ಟರಾಗಿದ್ದವನು. ಚಿತ್ರಕಲೆ ಕಲಿಯಲು ಕೂತಾಗ ಮೂವತ್ತು ದಾಟಿತ್ತು. ಎಲ್ಬೆ, ಮುಲ್ಡೆ ನದಿಗಳ ಬಯಲಿನ ಮುದಿ ಓಕ್‌ಗಳ ಹುಚ್ಚು ಎಷ್ಟಿತ್ತೆಂದರೆ ಜನ ‘ಓಕ್ ಕೋಲ್ಬೆ’ ಅಂತಲೇ ಕರೆದರು. ಮಾಡಿದ ಸುಮಾರು 300 ಎಚಿಂಗ್‌ಗಳಲ್ಲಿ (ಹೀಗೆ ಆಸಿಡ್‌ನಿಂದ ಕೊರೆದ ಅಚ್ಚುಚಿತ್ರಗಳು) ಬಹುಪಾಲು ಮರಗಿಡಗಳೇ. ತೊಗಟೆ ಸುಲಿದ, ಅರ್ಧ ಸತ್ತ ಮರವನ್ನು ಅವನು ಮನೆಯ ಹಿರಿಯರ ಮುಖ ಬರೆದ ಹಾಗೆ ಬರೆಯುತ್ತಾನೆ. ಅದು ನನಗೆ ಆರ್ಕೇಡಿಯಾಗಿಂತ ಇಷ್ಟ.

ಕೆರೆಏರಿ:
ಮಸಿಕೈ ಸರ್, ತಗಡು ಲೆನ್ಸ್‌ನಲ್ಲಿ ನೋಡಿದೆ. ನೀವು ಹೇಳಿದ್ದೇ ಸರಿ, ಬಿಳಲುಗಳ ಸಂದಿಯಲ್ಲಿ ಸವೆದ ಹಳ್ಳ. ಭಾನುವಾರ ಮತ್ತೆ ಏರಿಗೆ ಹೋಗ್ತೀನಿ. ಈ ಸಲ ಇಡೀ ಮರ ಬೇಡ, ಒಂದೇ ಕೊಂಬೆ. ವಾರ್ನಿಷ್ ಒಣಗೋಕೆ ಎಷ್ಟು ಹೊತ್ತು ಬಿಡಬೇಕು?

ಮಸಿಕೈ:
ಬೆರಳಿಗೆ ಅಂಟದಷ್ಟು. ಮಳೆಗಾಲ, ಅವಸರ ಮಾಡಬೇಡಿ.