ವಿಷಯ: ಎರಡು ಬಗೆಯ ‘ನಾವು’, ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಒಂದು ಫಲಕ ಮುದ್ರಣಕ್ಕೆ ಹೋಗಬೇಕು. ಎರಡು ಪದ ಸಿಗದೆ ಒದ್ದಾಡುತ್ತಿದ್ದೇನೆ. ಫಲಕ ಸಿರಾಯ ನುಡಿಯದ್ದು. ತೈವಾನಿನ ತೈನಾನ್ ಸುತ್ತಮುತ್ತ ಆಡುತ್ತಿದ್ದ ಆಸ್ಟ್ರೋನೇಷ್ಯನ್ ಭಾಷೆ ಅದು. ಹತ್ತಿರಹತ್ತಿರ 19ನೇ ಶತಮಾನ ಮುಗಿಯುವ ಹೊತ್ತಿಗೆ ಮಾತು ನಿಂತಿತು. ಡಚ್ ಪಾದ್ರಿ ಡೇನಿಯಲ್ ಗ್ರಾವಿಯಸ್ ಅನುವಾದಿಸಿದ ಮತ್ತಾಯನ ಸುವಾರ್ತೆ 1661ರಲ್ಲಿ ಅಚ್ಚಾಗಿದ್ದರಿಂದ ಅದರ ವ್ಯಾಕರಣ ಇವತ್ತಿಗೂ ನಮಗೆ ಸಿಗುತ್ತಿದೆ. ಅದರಲ್ಲಿ ಎದುರಿನವರನ್ನು ಸೇರಿಸಿಕೊಂಡ ‘ನಾವು’ ಬೇರೆ, ಬಿಟ್ಟು ಹೇಳುವ ‘ನಾವು’ ಬೇರೆ. ಆ ಸುವಾರ್ತೆಯಲ್ಲಿ ಯೇಸು ಕಲಿಸುವ ಪ್ರಾರ್ಥನೆ ‘ರಾಮನ್‌ಜನ್’ ಎಂದು ಶುರುವಾಗುತ್ತದೆ, ‘ನಮ್ಮ ತಂದೆಯೇ’ ಅಂತ. ಈ ಎರಡು ‘ನಾವು’ಗಳಿಗೆ ಚಿಕ್ಕ ಹೆಸರು ಬೇಕು.

* * *

ಸಮಾವೇಶಕ, ವ್ಯಾವರ್ತಕ. ಇದಕ್ಕಿಂತ ಹೆಚ್ಚು ಚರ್ಚೆ ಬೇಡ. ಅಂದಹಾಗೆ, ‘ರಾಮನ್’ ಗಮನಿಸಿದಿರಾ? ಜಾವಾ ದಾರಿಯಲ್ಲಿ ಹೋದ ನಮ್ಮ ರಾಮನೇ ಇರಬೇಕು.

* * *

ಫಲಕ ಓದುವವರು ಮಕ್ಕಳು, ಅವರಿಗೆ ಯಾಕೆ ಈ ಸಂಸ್ಕೃತ? ಒಳನಾವು, ಹೊರನಾವು ಅನ್ನಿ. ಕನ್ನಡದ್ದೇ ಬೇರು, ಕನ್ನಡದ್ದೇ ಸಮಾಸ. ಕಡ ತರುವುದನ್ನು ನಾವು ಯಾವತ್ತು ನಿಲ್ಲಿಸುವುದು?

* * *

ಮೂರು ಮಾತು, ಉಡುಪಿಯಿಂದ.

ಒಂದು, ರಾಮ ಅಲ್ಲ. ಸಿರಾಯದಲ್ಲಿ ‘ರಾಮ’ ಅಂದರೆ ಅಪ್ಪ. ಫಿಲಿಪೀನ್ಸಿನ ತಗಲಾಗ್ ಭಾಷೆಯಲ್ಲಿ ಅಪ್ಪನಿಗೆ ‘ಅಮಾ’. ಇವು ಒಂದೇ ಕುಟುಂಬದ ಪದಗಳು, ಅಯೋಧ್ಯೆಗೆ ಸಂಬಂಧವಿಲ್ಲ. ‘ಜನ್’ ಕೂಡ ತಪ್ಪು. ಬರೆದವರು ಡಚ್ಚರು, ಅವರ ಬರಹದಲ್ಲಿ ‘ಜೆ’ ಅಕ್ಷರ ನಮ್ಮ ಯಕಾರ. ‘ರಾಮನ್‌ಯನ್’ ಅಂತ ತಿದ್ದಿ, ದಯವಿಟ್ಟು.

ಎರಡು, ಆ ‘ಯನ್’ ಬಿಟ್ಟು ಹೇಳುವ ‘ನಮ್ಮ’. ಅದು ಹಾಗೇ ಇರಬೇಕು. ದೇವರ ಜೊತೆ ಮಾತಾಡುತ್ತಾ ‘ನಮ್ಮ ತಂದೆ’ ಅಂದಾಗ ದೇವರನ್ನೂ ಆ ‘ನಮ್ಮ’ದೊಳಗೆ ಸೇರಿಸಿದರೆ, ದೇವರು ತನಗೆ ತಾನೇ ತಂದೆ ಆಗುತ್ತಾನೆ. ಮಲಯದವರೂ ‘ಬಾಪಾ ಕಾಮಿ’ ಅನ್ನುತ್ತಾರೆ, ‘ಬಾಪಾ ಕಿತಾ’ ಅನ್ನುವುದಿಲ್ಲ. ಈ ಒಂದು ಸಾಲು ಫಲಕದಲ್ಲಿದ್ದರೆ ಸಾಕು, ವಿವರಣೆ ಜಾಸ್ತಿ ಬೇಡ.

ಮೂರು, ಪದ. ‘ಸಮಾವೇಶ’ ಅಂದರೆ ಜನರಿಗೆ ಮೈದಾನ, ವೇದಿಕೆ, ಭಾಷಣ ನೆನಪಾಗುತ್ತದೆ. ‘ಹೊರನಾವು’ ಅಂದರೆ ನಾವೇ ಹೊರಗೆ ನಿಂತ ಹಾಗೆ. ಹೊರಗಿರುವುದು ಎದುರಿನವರು ಅಲ್ವಾ? ಇದನ್ನು ಹೇಳಲು ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ನಮ್ಮ ಮನೆಯಲ್ಲಿ ಅಮ್ಮ ‘ನಮ ಪೋಪ’ ಅಂದರೆ ನಾನೂ ಚಪ್ಪಲಿ ಹಾಕಿಕೊಳ್ಳುತ್ತೇನೆ. ‘ಎಂಕುಲು ಪೋಪ’ ಅಂದರೆ ಮನೆ ಕಾಯುತ್ತೇನೆ. ತುಳುವಿನಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ವ್ಯತ್ಯಾಸ ಇದು. ತಮಿಳರಿಗೆ ನಾಮ್, ನಾಂಗಳ್. ತೆಲುಗರಿಗೆ ಮನಮು, ಮೇಮು. ಕನ್ನಡಕ್ಕೆ ಮಾತ್ರ ಈಗ ಒಂದೇ ‘ನಾವು’. ಹಾಗಾಗಿ ‘ನಮ-ಬಗೆ’, ‘ಎಂಕುಲು-ಬಗೆ’ ಎಂದು ಬರೆದು, ತುಳುವಿನಿಂದ ತಂದಿದ್ದೇವೆ ಅಂತ ಹೇಳಿಬಿಡಿ. ಸಂಸ್ಕೃತದಿಂದ ತಂದರೆ ಶಾಸ್ತ್ರ, ಇಂಗ್ಲಿಷಿನಿಂದ ತಂದರೆ ಅನುಕೂಲ, ಪಕ್ಕದ ಮನೆಯಿಂದ ತಂದರೆ ಮಾತ್ರ ಕಡವೇ?

* * *

ಕಡ ಕಡವೇ. ತುಳುವಾದರೂ ಅಷ್ಟೆ. ಮೈಸೂರಿನ ಮಗುವಿಗೆ ‘ಎಂಕುಲು’ ಏನು ತಿಳಿಯುತ್ತದೆ?

* * *

‘ವ್ಯಾವರ್ತಕ’ ತಿಳಿಯುತ್ತದಾ?

* * *

ಪ್ರಶ್ನೆ ಕೇಳಿದವಳು ನಾನು. ‘ರಾಮನ್‌ಯನ್’ ತಿದ್ದಿದೆ, ಉಡುಪಿಯವರಿಗೆ ತುಂಬಾ ಥ್ಯಾಂಕ್ಸ್. ತಲೆಬರಹ ‘ನೀವೂ ಸೇರಿದ ನಾವು’, ‘ನಿಮ್ಮನ್ನು ಬಿಟ್ಟ ನಾವು’. ಚಿಕ್ಕದಾಗಲಿಲ್ಲ, ಆದರೆ ಮೈಸೂರಿಗೂ ತಿಳಿಯುತ್ತದೆ. ಕೆಳಗೆ ನಮ, ಎಂಕುಲು ಎರಡೂ ಬರುತ್ತವೆ, ಅಮ್ಮನ ಮಾತಿನ ಜೊತೆಗೆ. ಅದನ್ನು ಹಾಕಬಹುದಾ? ರಾತ್ರಿ ಹತ್ತರೊಳಗೆ ಹೇಳಿ.