ಗೋವಾದ ಚೋಡಣ–ನಾರ್ವೆ–ದಿವಾಡಿ: ಭಾನುವಾರದ ಸೈಕಲ್ ಸುತ್ತು ಹೇಗೆ ಹಾಕಬೇಕು?

ಪ್ರಶ್ನೆ (ಪರ್ವರಿಯ ಸದಸ್ಯೆ):
ಅಣ್ಣಾ, ನಮಸ್ಕಾರ. ನಾನು, ನಮ್ಮ ಯಜಮಾನರು, 14 ವರ್ಷದ ಮಗ, ಮೂವರೂ ನಾಲ್ಕು ತಿಂಗಳಿಂದ ಸೈಕಲ್ ತುಳಿಯುತ್ತಿದ್ದೇವೆ. ಸಪಾಟು ರಸ್ತೆಯಲ್ಲಿ 20 ಕಿ.ಮೀ. ಆರಾಮಾಗಿ ಆಗುತ್ತದೆ. ಈಗ ಸಲೀಂ ಅಲಿ ಪಕ್ಷಿಧಾಮ ಸೇರಿಸಿ ಒಂದು ಸುತ್ತು ಹಾಕುವ ಆಸೆ. ಹೋದ ದಾರಿಯಲ್ಲೇ ವಾಪಸ್ ಬರೋದು ಬೇಡ. ಹೋದ ಸಲ ಮೊಬೈಲ್ ಮ್ಯಾಪ್ ನಂಬಿ ಕೆಸರಿನ ಬದುವಿಗೆ ಸಿಕ್ಕಿಕೊಂಡೆವು. ಸೈಕಲ್ ಹೊತ್ತು ಹೊತ್ತು ಮಗ ಅತ್ತೇ ಬಿಟ್ಟ. ಎಲ್ಲಿಂದ ಶುರು ಮಾಡಬೇಕು? ಎಷ್ಟು ಹೊತ್ತು ಬೇಕು?

ಉತ್ತರ (ಪಣಜಿಯಲ್ಲಿ ಸೈಕಲ್ ರಿಪೇರಿ ಅಂಗಡಿ, ಭಾನುವಾರ ಸವಾರಿ ಗೈಡ್):
ಅಕ್ಕಾ, ನಮಸ್ಕಾರ. ನಿಮಗೆ ಸರಿಯಾದ ಸುತ್ತು ಇದೆ. ಪಣಜಿ, ರಾಯಬಂದರ್, ಅಲ್ಲಿಂದ ಫೆರ್ರಿಯಲ್ಲಿ ಚೋಡಣ, ದ್ವೀಪ ದಾಟಿ ಮಯೆಂ ಕಡೆಯಿಂದ ನಾರ್ವೆ, ಮತ್ತೆ ಫೆರ್ರಿಯಲ್ಲಿ ದಿವಾಡಿ ದ್ವೀಪ, ಮೂರನೇ ಫೆರ್ರಿಯಲ್ಲಿ ಹಳೇ ಗೋವಾ, ಕೊನೆಗೆ ಪಣಜಿ. 35 ಕಿ.ಮೀ. ಆಚೀಚೆ ಆಗುತ್ತದೆ. ತುಳಿಯೋದಕ್ಕೆ ಎರಡೂವರೆ ಗಂಟೆ. ಹಕ್ಕಿ, ಫೆರ್ರಿ, ತಿಂಡಿ ಎಲ್ಲ ಸೇರಿ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ.

ಎಲ್ಲರೂ ಮೊದಲು ಕಿಲೋಮೀಟರ್ ಕೇಳುತ್ತಾರೆ. ಈ ಸುತ್ತಿಗೆ ಮೊದಲು ನೋಡಬೇಕಾದ್ದು ನೀರು, ಅಂದರೆ ಸಮುದ್ರದ ಭರತ–ಇಳಿತ. ಪಕ್ಷಿಧಾಮ ಇರೋದು ಚೋಡಣದ ಪಶ್ಚಿಮ ತುದಿಯಲ್ಲಿ, ಫೆರ್ರಿ ಇಳಿದ ಕೂಡಲೇ. 1988ರಲ್ಲಿ ಆದದ್ದು, ಬರೀ 1.78 ಚದರ ಕಿ.ಮೀ. ಪೂರ್ತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಇಳಿತದ ಹೊತ್ತಿಗೆ ಹೋದರೆ ಕೆಸರು ತೆರೆದುಕೊಂಡಿರುತ್ತದೆ. ಕೆಸರಿನಲ್ಲಿ ನೆಗೆಯುವ ಮೀನು, ಒಂದೇ ಕೈ ದೊಡ್ಡದಿರುವ ಏಡಿ, ನೆಲದಿಂದ ಮೊಳೆಯಂತೆ ಎದ್ದ ಕಾಂಡ್ಲಾದ ಉಸಿರುಬೇರು, ಅದರ ನಡುವೆ ಹುಳ ಹೆಕ್ಕುವ ಹಕ್ಕಿಗಳು. ಭರತದ ಹೊತ್ತಿಗೆ ಹೋದರೆ ಸುಮ್ನೆ ಹಸಿರು ಗಿಡ, ಕಂದು ನೀರು, ಅಷ್ಟೇ. ಮಗನಿಗೆ ಬೇಜಾರಾಗುತ್ತದೆ. ಒಳಗಿನ ದಾರಿ ನಡೆಯುವವರಿಗೆ. ಸೈಕಲ್ಲನ್ನು ಹೊರಗೆ ಬೀಗ ಹಾಕಿ ನಿಲ್ಲಿಸಿ.

ಇನ್ನು ಗಾಳಿ. ಬಿಸಿಲು ಏರಿದ ಮೇಲೆ ಸಮುದ್ರದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹಳೇ ಗೋವಾದಿಂದ ಪಣಜಿಗೆ ಬರುವ ನದಿ ದಂಡೆಯಲ್ಲಿ ಅದು ನೇರ ಮುಖಕ್ಕೇ. 1630ರ ದಶಕದಲ್ಲಿ ಪೋರ್ಚುಗೀಸರು ಕಟ್ಟಿದ ಒಡ್ಡುರಸ್ತೆ ಇದೆಯಲ್ಲ, ಸುಮಾರು 3 ಕಿ.ಮೀ., ಅಲ್ಲಿ ಮರೆಯೇ ಕಡಿಮೆ. ದಣಿದ ಕಾಲಿಗೆ ಅದು 3 ಅಲ್ಲ, 10 ಕಿ.ಮೀ. ಅನ್ನಿಸುತ್ತದೆ. ಅದಕ್ಕೇ ಆರೂಕಾಲಿಗೆ ಪಣಜಿ ಬಿಡಿ, ಹನ್ನೊಂದರ ಒಳಗೆ ಮುಗಿಸಿ. ಪರ್ವರಿಯಿಂದ ಸೈಕಲ್ಲುಗಳನ್ನು ಕಾರಿನಲ್ಲೇ ತನ್ನಿ. ಮಾಂಡೋವಿ ಸೇತುವೆಯ ಗಾಡಿಗಳ ನಡುವೆ ಹುಡುಗನನ್ನು ತುಳಿಸಬೇಡಿ.

ಆ ಕೆಸರಿನ ಬದು ಯಾವುದು ಅಂತ ನನಗೆ ಗೊತ್ತಾಯಿತು. ಅವು ಖಾಜಾನ್ ಗದ್ದೆಯ ಒಡ್ಡುಗಳು. ನಮ್ಮ ಉತ್ತರ ಕನ್ನಡದ ಗಜನಿ ಇದ್ದ ಹಾಗೆಯೇ. ಉಪ್ಪುನೀರು ತಡೆಯೋದಕ್ಕೆ ಮಣ್ಣಿನ ಒಡ್ಡು, ನೀರು ಬಿಡೋದಕ್ಕೆ ತೂಬಿನ ಬಾಗಿಲು. ಮ್ಯಾಪಿನಲ್ಲಿ ಅವೂ ದಾರಿಯಂತೆ ಕಾಣುತ್ತವೆ. ಚಕ್ರ ಓಡಿದರೆ ಒಡ್ಡಿನ ಅಂಚು ಕುಸಿಯುತ್ತದೆ, ರೈತರ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ. ದಯವಿಟ್ಟು ಡಾಂಬರು ಬಿಡಬೇಡಿ.

ಪ್ರಶ್ನೆ (ವಾಸ್ಕೋದ ಸದಸ್ಯ):
ಏರು ಎಷ್ಟಿದೆ ಸರ್? ನನ್ನದು ರೋಡ್ ಬೈಕ್, 25 ಎಂ.ಎಂ. ಟೈರ್.

ಉತ್ತರ:
ಚೋಡಣ ಸಪಾಟು. ಮಯೆಂ ಕಡೆ ಏರಿಳಿತ ಶುರು. ಅದು ಬಿಚೋಲಿ ತಾಲೂಕು, ಗಣಿ ಪ್ರದೇಶ. ಲಾರಿ ಬಂದರೆ ಪಕ್ಕಕ್ಕೆ ನಿಂತುಬಿಡಿ, ಪೈಪೋಟಿ ಬೇಡ. ದಿವಾಡಿಯಲ್ಲಿ ಪಿಯೆದಾದೆ ಚರ್ಚಿನ ಗುಡ್ಡಕ್ಕೆ ಚಿಕ್ಕ ಏರು. ಬುಡದಲ್ಲೇ ಹಗುರ ಗೇರ್‌ಗೆ ಬನ್ನಿ, ಅರ್ಧ ಹತ್ತಿದ ಮೇಲೆ ಚೈನ್ ಮೇಲೆ ಭಾರ ಹಾಕಿ ಬದಲಿಸಬೇಡಿ. ಮೇಲಿಂದ ಮಾಂಡೋವಿ ಕಾಣುತ್ತದೆ, ಐದು ನಿಮಿಷ ನಿಲ್ಲಿ. ನಿಮ್ಮ ಟೈರ್ ನಡೆಯುತ್ತದೆ, ಆದರೆ 28 ಹಿಡಿಸಿದರೆ ಹಳ್ಳಿ ರಸ್ತೆಯಲ್ಲಿ ಕೈ ನೋಯುವುದಿಲ್ಲ.

ಫೆರ್ರಿಯ ಇಳಿಜಾರಿನಲ್ಲಿ ಮಾತ್ರ ಯಾರೂ ತುಳಿಯಬೇಡಿ. ಇಳಿತದಲ್ಲಿ ಅದು ಪಾಚಿ ಕಟ್ಟಿ ಜಾರುತ್ತದೆ. ನಾನೇ ಅಲ್ಲಿ ಬಿದ್ದು ಮೊಣಕೈ ಮುರಿದುಕೊಂಡಿದ್ದೇನೆ. ಇಳಿದು, ಸೈಕಲ್ ತಳ್ಳಿಕೊಂಡು ಹೋಗಿ. ಮನೆಗೆ ಬಂದ ಮೇಲೆ ಚೈನ್ ತೊಳೆದು, ಒರೆಸಿ, ಎಣ್ಣೆ ಬಿಡಿ. ಉಪ್ಪು ಎರಡೇ ದಿನದಲ್ಲಿ ತುಕ್ಕು ತರುತ್ತದೆ.

ಪ್ರಶ್ನೆ (ಪರ್ವರಿಯ ಸದಸ್ಯೆ):
ನಾರ್ವೆಯಲ್ಲಿ ನಿಲ್ಲೋದಕ್ಕೆ ಏನಾದರೂ ಇದೆಯಾ ಅಣ್ಣಾ?

ಉತ್ತರ:
ಇದೆ ಅಕ್ಕಾ, ನನಗಂತೂ ಇಡೀ ಸುತ್ತಿನಲ್ಲಿ ಅದೇ ಇಷ್ಟ. ಸಪ್ತಕೋಟೇಶ್ವರ ದೇವಸ್ಥಾನ. ನಮ್ಮ ಕದಂಬರ ಮನೆದೇವರು. ಗೋವಾ ಕದಂಬರ ನಾಣ್ಯಗಳ ಮೇಲೂ ಈ ದೇವರ ಹೆಸರಿದೆ. ಮೂಲ ಗುಡಿ ದಿವಾಡಿಯಲ್ಲಿತ್ತು. ಪೋರ್ಚುಗೀಸರು ಕೆಡವಿದಾಗ ಭಕ್ತರು ದೇವರನ್ನು ಹೊಳೆ ದಾಟಿಸಿ ನಾರ್ವೆಗೆ ತಂದರು. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿ ಕಟ್ಟಿಸಿದರು. ದೇವರು ದಾಟಿ ಬಂದ ಹೊಳೆಯನ್ನೇ ನೀವು ಫೆರ್ರಿಯಲ್ಲಿ ವಾಪಸ್ ದಾಟುತ್ತೀರಿ. ದಿನಾ ಕದಂಬ ಬಸ್ ಹತ್ತುತ್ತೇವೆ, ಮಗನಿಗೆ ಆ ಹೆಸರು ಎಲ್ಲಿಂದ ಬಂತು ಅಂತ ಅಲ್ಲೇ ಹೇಳಿ.

ದಿವಾಡಿಗೆ ಸೇತುವೆ ಇಲ್ಲ. ಫೆರ್ರಿ ತಪ್ಪಿದರೆ ಕಾಯಲೇಬೇಕು. ತಲೆಗೆ ಒಂದೂವರೆ ಲೀಟರ್ ನೀರು, ಬಾಳೆಹಣ್ಣು, ಒಂದು ಟ್ಯೂಬ್, ಪಂಪ್ ಜೊತೆಗಿರಲಿ.

ಪ್ರಶ್ನೆ (ಪರ್ವರಿಯ ಸದಸ್ಯೆ):
ಈ ಭಾನುವಾರ ಇಳಿತ ಮಧ್ಯಾಹ್ನ 1 ಗಂಟೆಗೆ ಅಂತ ತೋರಿಸುತ್ತಿದೆ. ಏನು ಮಾಡೋಣ?

ಉತ್ತರ:
ಹಾಗಾದರೆ ಈ ವಾರ ಬೇಡ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಒಂದು ಇಳಿತಕ್ಕೂ ಮುಂದಿನದಕ್ಕೂ ಹನ್ನೆರಡೂವರೆ ಗಂಟೆ. ಏಳು ದಿನಕ್ಕೆ ಸುಮಾರು ಆರು ಗಂಟೆ, ಅಂದರೆ ಮುಂದಿನ ಭಾನುವಾರ ಸಂಜೆ ಏಳರ ಹತ್ತಿರ ಒಂದು ಇಳಿತ, ಅದರ ಹಿಂದಿನದು ಬೆಳಿಗ್ಗೆ ಆರೂವರೆ ಆಸುಪಾಸು. ನಿಮಗೆ ಬೇಕಾದ ಹೊತ್ತೇ ಅಲ್ವಾ? ಶನಿವಾರ ಸಂಜೆ ಮೂರೂ ಸೈಕಲ್ ಅಂಗಡಿಗೆ ತನ್ನಿ, ಬ್ರೇಕ್ ನೋಡಿಕೊಡುತ್ತೇನೆ.